ಎಂಟನೇ ಸಾಲಿನ ಕಿಟಕಿ

ಜೈಪುರದ ವ್ಯಾಪಾರಿಯೊಬ್ಬರು ಬಹಳ ವರ್ಷಗಳಿಂದ ನಮ್ಮ ಮಂಡಿಯ ಕೊಬ್ಬರಿ ಕೊಳ್ಳುತ್ತಾ ಬಂದವರು. ತಮ್ಮ ಮಗಳ ಮದುವೆಗೆ ಮನೆಮಂದಿಯೆಲ್ಲ ಬರಲೇಬೇಕೆಂದು ಅವರು ಫೋನಿನಲ್ಲಿ ಹಟ ಹಿಡಿದಾಗ, ತಿಪಟೂರಿನ ನಮ್ಮ ಮನೆಯಲ್ಲಿ ಮೊದಲು ಎದ್ದ ಪ್ರಶ್ನೆ ಕೊಬ್ಬರಿಯದೇ. ಮದುಮಗಳ ಮಡಿಲಿಗೆ ನಮ್ಮ ತೋಟದ ಉಂಡೆ ಕೊಬ್ಬರಿಯನ್ನೇ ಹಾಕಬೇಕೆಂದು ನನ್ನ ಗಂಡನ ಆಸೆ. ಆದರೆ ವಿಮಾನದಲ್ಲಿ ಒಣಕೊಬ್ಬರಿ ಒಯ್ಯಲು ಬಿಡುವುದಿಲ್ಲ. ಎಣ್ಣೆಯ ಪದಾರ್ಥ, ಬೇಗ ಬೆಂಕಿ ಹತ್ತುತ್ತದೆ ಅನ್ನುತ್ತಾರೆ. ಹಾಗಾಗಿ ನನ್ನ ಗಂಡ ಒಂದು ಚೀಲ ಕೊಬ್ಬರಿಯ ಜೊತೆ ನಾಲ್ಕು ದಿನ ಮೊದಲೇ ಅರಸೀಕೆರೆಯಲ್ಲಿ ರೈಲು ಹತ್ತಿದರು. ಅಷ್ಟು ದೂರ ರೈಲಿನಲ್ಲಿ ಮಕ್ಕಳು ತಡೆಯಲಾರವೆಂದು ನಾನು, ನನ್ನ ಅತ್ತೆ, ಆರು ವರ್ಷದ ಮಗಳು ಮತ್ತು ಮೂರು ವರ್ಷದ ಮಗ ಬೆಂಗಳೂರಿನಿಂದ ವಿಮಾನದಲ್ಲಿ ಹೋಗುವುದೆಂದಾಯಿತು.

ಟಿಕೆಟ್ ಮಾಡಿಸಿದ್ದು ಬಸ್ ಸ್ಟ್ಯಾಂಡ್ ಪಕ್ಕದ ಟ್ರಾವೆಲ್ಸಿನಲ್ಲಿ. ಅಲ್ಲಿದ್ದ ಹೆಂಗಸು ಕಂಪ್ಯೂಟರಿನಲ್ಲಿ ಸೀಟುಗಳ ಚಿತ್ರ ತೋರಿಸಿ, "ಈಗ್ಲೇ ಸೀಟ್ ಆರಿಸ್ಕೊಂಡ್ರೆ ಬೇರೆ ಚಾರ್ಜ್ ಆಗುತ್ತೆ ಕಣ್ರೀ" ಎಂದಳು.

"ನಾಲ್ಕು ಜನಾನೂ ಒಂದೇ ಟಿಕೆಟ್ನಲ್ಲಿದೀವಲ್ಲ, ಒಟ್ಟಿಗೇ ಕೊಡಲ್ವಾ?" ಎಂದು ಕೇಳಿದೆ.

"ಕೊಡಬೋದು" ಎಂದಳು. ಆ 'ಬೋದು' ನನ್ನ ಕಿವಿಗೆ ಸರಿಯಾಗಿ ಬೀಳಲಿಲ್ಲ.

ಹೊರಟ ದಿನ ನೆಲಮಂಗಲದ ಹತ್ತಿರ ಕಾರು ಒಂದು ಗಂಟೆ ನಿಂತಲ್ಲೇ ನಿಂತಿತು. ವಿಮಾನ ನಿಲ್ದಾಣದ ಕೌಂಟರು ಮುಟ್ಟುವ ಹೊತ್ತಿಗೆ ನಮ್ಮ ಮುಂದೆ ಯಾರೂ ಇರಲಿಲ್ಲ. ಎಲ್ಲರೂ ಮುಗಿಸಿಕೊಂಡು ಒಳಗೆ ಹೋಗಿದ್ದರು. ಕೌಂಟರಿನ ಹುಡುಗಿ ಕೊಟ್ಟ ನಾಲ್ಕು ಚೀಟಿ ನೋಡಿದರೆ ನಾಲ್ಕರಲ್ಲೂ ಬೇರೆ ಬೇರೆ ಸಾಲು. ಮೂರು ವರ್ಷದವನೂ ಒಬ್ಬನೇ.

"ಇಷ್ಟು ಚಿಕ್ಕ ಮಗು ಒಂದೇ ಹೆಂಗಮ್ಮ ಕೂರುತ್ತೆ?" ಎಂದೆ. ಅವಳು ಬೇಸರ ಮಾಡಿಕೊಳ್ಳದೆ ಬಹಳ ಹೊತ್ತು ಕೀಲಿಗಳನ್ನು ಒತ್ತಿದಳು. ಕೊನೆಗೆ ನನ್ನನ್ನೂ ಮಗನನ್ನೂ ಇಪ್ಪತ್ತೊಂದನೇ ಸಾಲಿನಲ್ಲಿ ಪಕ್ಕಪಕ್ಕ ಹಾಕಿಕೊಟ್ಟಳು. ಮಗಳು ಹದಿನಾರರಲ್ಲಿ, ಅತ್ತೆ ಎಂಟರಲ್ಲಿ, ಇಬ್ಬರಿಗೂ ಮಧ್ಯದ ಸೀಟು. "ಫ್ಲೈಟ್ ಫುಲ್ ಇದೆ ಮೇಡಂ. ಒಳಗೆ ಯಾರನ್ನಾದ್ರೂ ಕೇಳಿ ನೋಡಿ, ಬದಲಾಯಿಸ್ಕೊಡ್ತಾರೆ" ಎಂದಳು.

ಅತ್ತೆಗೆ ಇದು ಅರ್ಥವೇ ಆಗಲಿಲ್ಲ. "ಒಂದೇ ಮನೆಯೋರು ಅಂತ ಹೇಳಿದ್ಯಾ ಇಲ್ವಾ? ಬಸ್ಸಾಗಿದ್ರೆ ಕಿಟಕೀಲಿ ಟವಲ್ ಹಾಕಿ ಸೀಟ್ ಹಿಡೀಬೋದಿತ್ತು."

"ಹೇಳಿದೀನಿ ಅತ್ತೆ. ನೀವು ಗಾಬರಿ ಆಗ್ಬೇಡಿ."

"ನಂಗೇನು ಗಾಬರಿ" ಎಂದರು. ಅವರು ಹಾಗೆ ಹೇಳಿದ್ದರಲ್ಲಿ ನನಗೆ ಅನುಮಾನ ಬರಲಿಲ್ಲ. ನಾನು ಮದುವೆಯಾಗಿ ಬಂದಾಗಿನಿಂದ ಅವರು ಯಾವುದಕ್ಕಾದರೂ ಹೆದರಿದ್ದನ್ನು ಕಂಡಿರಲಿಲ್ಲ. ದಂಡಿನಶಿವರದ ಹತ್ತಿರವಿರುವ ತೋಟದಲ್ಲಿ ಗರಿಯ ರಾಶಿಯಿಂದ ಹಾವು ಹೊರಬಂದರೆ ಕಾಯಿ ಕೀಳುವವರೇ ದೂರ ಓಡುತ್ತಾರೆ. ಇವರು ಮಾತ್ರ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಅದು ಬೇಲಿ ದಾಟುವವರೆಗೂ ನೋಡುತ್ತಾ ನಿಂತಿರುತ್ತಾರೆ. ನನಗಿದ್ದ ಚಿಂತೆಯೆಲ್ಲ ಮಗಳದು. ಅವಳು ಹೊಸಬರ ಹತ್ತಿರ ಬಾಯೇ ಬಿಡುವುದಿಲ್ಲ.

ವಿಮಾನದೊಳಗೆ ಮೊದಲು ಅತ್ತೆಯನ್ನು ಎಂಟನೇ ಸಾಲಿನಲ್ಲಿ ಕೂರಿಸಿ, ಮಕ್ಕಳನ್ನು ಕರೆದುಕೊಂಡು ಹದಿನಾರನೆಯದಕ್ಕೆ ಹೋದೆ. ಮಗಳ ಸೀಟಿನ ಆಚೀಚೆ ಇಬ್ಬರು ಗಂಡಸರು. ನನಗೆ ಬರುವುದು ಟೀವಿ ನೋಡಿ ಕಲಿತ ಹಿಂದಿ. ಅದರಲ್ಲೇ ಕೇಳಿದೆ. ಒಬ್ಬರು ಇದಕ್ಕೆಂದೇ ದುಡ್ಡು ಕೊಟ್ಟು ಈ ಸೀಟು ತೆಗೆದುಕೊಂಡಿದ್ದೇನೆ ಎಂದರು. ಇನ್ನೊಬ್ಬರು ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದರು. ಅವರದು ತಪ್ಪೆಂದು ಈಗಲೂ ಅನ್ನಲಾರೆ. ಆದರೆ ಆಗ ಹಿಂದೆ ಜನ ಬ್ಯಾಗು ಹಿಡಿದು ಕಾಯುತ್ತಿದ್ದರು, ಕಂಕುಳಲ್ಲಿ ಮಗ ಒದ್ದಾಡುತ್ತಿದ್ದ. ಇನ್ನೊಂದು ಸಲ ಕೇಳಲು ನನಗೆ ನಾಲಿಗೆ ಏಳಲಿಲ್ಲ.

ಆಗ ಮಗಳು, "ಅಮ್ಮ, ಅಜ್ಜಿ ನೋಡು" ಎಂದಳು.

ತಿರುಗಿ ನೋಡಿದೆ. ಅತ್ತೆ ಸೀಟಿನಿಂದ ಅರ್ಧ ಎದ್ದು, ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಿಂದ ಹಿಡಿದು ನಮ್ಮನ್ನೇ ಹುಡುಕುತ್ತಿದ್ದರು. ನಾನು ಮಕ್ಕಳನ್ನೂ ಕರೆದುಕೊಂಡು, ಜನರನ್ನು ಸರಿಸಿಕೊಂಡು ವಾಪಸ್ಸು ಹೋದೆ. ಹತ್ತಿರ ಹೋದ ಕೂಡಲೇ ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಅಷ್ಟು ವರ್ಷದಲ್ಲಿ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು.

"ನನ್ನ ಇಲ್ಲಿ ಒಬ್ಳೇ ಬುಟ್ಟು ಹೋಗ್ಬೇಡ ಕಣವ್ವ" ಎಂದರು, ಮೆಲ್ಲಗೆ, ನನಗಷ್ಟೇ ಕೇಳುವಂತೆ.

ಅಲ್ಲಿಯವರೆಗೆ ನಾನು ಮಗುವಿನ ಪಕ್ಕ ಒಬ್ಬರು ದೊಡ್ಡವರನ್ನು ಕೂರಿಸಬೇಕೆಂದು ಒದ್ದಾಡುತ್ತಿದ್ದೆ. ಈಗ ನೋಡಿದರೆ ದೊಡ್ಡವರಿಗೇ ಒಬ್ಬರು ಬೇಕಾಗಿತ್ತು. ಅತ್ತೆಯ ಪಕ್ಕ, ಓಡಾಡುವ ದಾರಿಯ ಕಡೆಯ ಸೀಟಿನಲ್ಲಿ, ಅವರದೇ ವಯಸ್ಸಿನ ಹೆಂಗಸೊಬ್ಬರು ಕೂತಿದ್ದರು. ಮಗಳನ್ನು ಮುಂದೆ ನಿಲ್ಲಿಸಿ, ಹದಿನಾರನೇ ಸಾಲಿಗೆ ಹೋಗುತ್ತೀರಾ ಎಂದು ಅವರನ್ನು ಕೇಳಿದೆ.

"ನಾನು ಏಳುವುದಿಲ್ಲ" ಎಂದರು ಅವರು ಹಿಂದಿಯಲ್ಲಿ, ಒಂದೇ ಮಾತಿಗೆ. ನನ್ನ ಮುಖ ಹೇಗಾಯಿತೋ ಏನೋ, ಸೀರೆಯ ನೆರಿಗೆ ಸರಿಸಿ ಮೊಣಕಾಲಿಗೆ ಕಟ್ಟಿದ್ದ ಪಟ್ಟಿ ತೋರಿಸಿದರು. ಮಧ್ಯದ ಸೀಟಿನಲ್ಲಿ ಕಾಲು ಚಾಚಲು ಆಗುವುದಿಲ್ಲ, ಅದಕ್ಕೇ ಈ ಸೀಟು ಎಂದರು. ಆಮೇಲೆ ಅತ್ತೆಯ ಕೈಯನ್ನೂ ನನ್ನ ಮಣಿಕಟ್ಟನ್ನೂ ನೋಡಿ, "ತಾಳು" ಎನ್ನುವಂತೆ ಬೆರಳೆತ್ತಿದರು.

ಕಿಟಕಿ ಪಕ್ಕ ಒಬ್ಬ ದಪ್ಪ ಮನುಷ್ಯ ಟೋಪಿಯನ್ನು ಕಣ್ಣಿನ ಮೇಲೆಳೆದುಕೊಂಡು ಆಗಲೇ ನಿದ್ದೆಗೆ ಜಾರಿದ್ದರು. ಆ ಹೆಂಗಸು ಅತ್ತೆಯನ್ನು ದಾಟಿ ಕೈ ಚಾಚಿ, ಅವರ ತೋಳು ತಟ್ಟಿ ಎಬ್ಬಿಸಿದರು. ತಮ್ಮೂರಿನ ಮಾತಿನಲ್ಲಿ ಏನೋ ಹೇಳಿದರು. ಬೇಡಿಕೊಂಡ ಹಾಗಿರಲಿಲ್ಲ, ಮನೆಯ ಹುಡುಗನಿಗೆ ಕೆಲಸ ಹೇಳಿದ ಹಾಗಿತ್ತು. ಆ ಮನುಷ್ಯ ಕಣ್ಣುಜ್ಜಿಕೊಂಡು ಅತ್ತೆಯನ್ನು ನೋಡಿದರು, ಮಗಳನ್ನು ನೋಡಿದರು. ಕಿಟಕಿ ಬಿಟ್ಟು ಮಧ್ಯದ ಸೀಟಿಗೆ ಹೋಗಬೇಕು ಎಂಬುದು ತಿಳಿದಾಗ ಒಂದು ನಿಟ್ಟುಸಿರು ಬಿಟ್ಟರು. ಆಮೇಲೆ ಎದ್ದು ಬ್ಯಾಗು ತೆಗೆದುಕೊಂಡರು. ನಾನು ಎರಡು ಸಲ ಥ್ಯಾಂಕ್ಸ್ ಹೇಳಿದೆ. ಅವರು ಮಗಳಿಗೆ, "ಹೊರಗೆ ಚೆನ್ನಾಗಿ ನೋಡು" ಎಂದಷ್ಟೇ ಹೇಳಿ ಹದಿನಾರನೇ ಸಾಲಿಗೆ ಹೋದರು.

ವಿಮಾನ ಏರುವಾಗ ನನಗೆ ಇಪ್ಪತ್ತೊಂದನೇ ಸಾಲಿನಿಂದ ಕಿಟಕಿ ಪಕ್ಕ ಕೂತ ಮಗಳ ತಲೆಯೂ ಅತ್ತೆಯ ತಲೆಯೂ ಕಾಣುತ್ತಿರಲಿಲ್ಲ. ಮಗ ಕಿವಿ ಹಿಡಿದುಕೊಂಡು ಅಳುತ್ತಿದ್ದ. ಮೇಲೆ ಹೋಗಿ ಸಮವಾದ ಮೇಲೆ ಗಗನಸಖಿಯೊಬ್ಬಳು ಬಂದು ಬಗ್ಗಿ, "ನಿಮ್ಮ ಅತ್ತೆ ಕೇಳ್ತಿದಾರೆ, ಮಗುಗೆ ಬೆಲ್ಲ ಚೀಪೋಕೆ ಕೊಟ್ರಾ ಅಂತ" ಎಂದಳು. ಬೆಲ್ಲ ನನ್ನ ಕೈಚೀಲದಲ್ಲೇ ಇತ್ತು, ಮರೆತೇ ಹೋಗಿತ್ತು. ಒಂದು ಚೂರು ಬಾಯಿಗಿಟ್ಟೆ. ಅವನ ಅಳು ನಿಂತಿತು. ಅತ್ತೆಗೆ ಬೇರೆಯವರ ಚಿಂತೆ ಮಾಡುವಷ್ಟು ಧೈರ್ಯ ಬಂದಿದೆಯಲ್ಲ ಎಂದು ನನಗೂ ಉಸಿರು ಬಂತು.

ಬೆಲ್ಟ್ ಬಿಚ್ಚಬಹುದೆಂದ ಮೇಲೆ ಮಗನನ್ನು ಎತ್ತಿಕೊಂಡು ಮುಂದಕ್ಕೆ ಹೋದೆ. ಅಲ್ಲಿ ದೊಡ್ಡ ಮಾತುಕತೆಯೇ ನಡೆದಿತ್ತು. ಅತ್ತೆ ಕನ್ನಡದಲ್ಲಿ ಹೇಳುತ್ತಾರೆ, ಆ ಹೆಂಗಸು ಹಿಂದಿಯಲ್ಲಿ ಕೇಳುತ್ತಾರೆ, ಇಬ್ಬರ ಮಾತಿನ ನಡುವೆ ನನ್ನ ಮಗಳು. ಹೊಸಬರೆದುರು ಬಾಯಿ ಬಿಡದ ನನ್ನ ಮಗಳು ಕಾರ್ಟೂನು ನೋಡಿ ಕಲಿತ ಹಿಂದಿಯಲ್ಲಿ ಅಜ್ಜಿಯ ಮಾತನ್ನು ದಾಟಿಸುತ್ತಿದ್ದಳು.

"ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಕಾಲಿಗೆ ತಿಕ್ಕೋಬೇಕು ಅಂತ ಹೇಳು ಮಗ. ಮೇಲಿಂದ ಕೆಳಕ್ಕೆ. ಅಂಗ್ಡಿ ಎಣ್ಣೆ ಬ್ಯಾಡ, ಗಾಣದ್ದು."

ಮಗಳು ಗಾಣದ ಹತ್ತಿರ ತಡವರಿಸಿದಳು. ಆಮೇಲೆ ಮುಷ್ಟಿ ಕಟ್ಟಿ ಗಾಳಿಯಲ್ಲಿ ಗರಗರ ತಿರುಗಿಸಿ ತೋರಿಸಿದಳು. ಆ ಹೆಂಗಸಿಗೆ ಅರ್ಥವಾಯಿತು, ನಕ್ಕರು. ಅವರ ಊರಿನಲ್ಲೂ ಗಾಣವಿದೆಯಂತೆ, ಸಾಸಿವೆಯದು.

"ಇಲ್ಲಿ ಸರಿಯಾಗಿದೀರಾ ಅತ್ತೆ?" ಎಂದು ಕೇಳಿದೆ.

"ನಾವು ಚೆನ್ನಾಗಿದೀವಿ. ನೀನು ಹೋಗು, ಆ ಕೂಸಿಗೆ ನಿದ್ದೆ ಬಂದೈತೆ" ಎಂದರು. ಅವರ ಒಂದು ಕೈ ಮಾತ್ರ ಮಗಳ ತೊಡೆಯ ಮೇಲೇ ಇತ್ತು.

ಜೈಪುರದಲ್ಲಿ ಮದುವೆ ಚೆನ್ನಾಗಿ ನಡೆಯಿತು. ವಾಪಸ್ಸು ಬರುವಾಗ ನಾವು ಎರಡೂವರೆ ಗಂಟೆ ಮೊದಲೇ ಕೌಂಟರಿಗೆ ಹೋಗಿ, ಮಕ್ಕಳಿದ್ದಾರೆಂದು ಮೊದಲೇ ಹೇಳಿದೆವು. ಗಂಡನೂ ಸೇರಿ ಐದು ಜನ. ನಾಲ್ಕು ಸೀಟು ಒಂದೇ ಸಾಲಿನಲ್ಲಿ ಸಿಕ್ಕಿತು, ಒಂದು ಮಾತ್ರ ಎರಡು ಸಾಲು ಹಿಂದೆ. ಅದಕ್ಕೆ ತಾನು ಹೋಗುತ್ತೇನೆಂದು ನನ್ನ ಗಂಡ ಹೇಳುವ ಮೊದಲೇ ಅತ್ತೆ ಆ ಚೀಟಿ ತೆಗೆದುಕೊಂಡರು.

"ನೀವು ಮಕ್ಕಳ ಹತ್ರ ಇರಿ" ಎಂದರು. "ನಾನೊಬ್ಳೇ ಕೂತ್ಕೊತೀನಿ, ನೋಡುವ."

ನಾನು ಮಗನಿಗೆ ಬೆಲ್ಟ್ ಹಾಕುವಷ್ಟರಲ್ಲಿ ಹಿಂದಿನಿಂದ ಅವರ ದನಿ ಕೇಳಿತು, "ಯಾವೂರಪ್ಪ ನಿಮ್ದು?" ಪಕ್ಕದವರು ಯಾವ ಭಾಷೆಯಲ್ಲಿ ಉತ್ತರ ಕೊಟ್ಟರೋ ನನಗೆ ತಿಳಿಯಲಿಲ್ಲ. ಅತ್ತೆ ಮಾತು ಮುಂದುವರಿಸಿದರು.