ರೆಕಾರ್ಡಿನಲ್ಲಿ ಇಲ್ಲದ ಗಿಟಾರು

ಇಂಥ ಅನುಭವಗಳನ್ನು ಹೇಳುವವರನ್ನು ನಾನು ಬಹಳ ಗೇಲಿ ಮಾಡಿದ್ದೇನೆ. ನಮ್ಮ ಕಂಪನಿಯ ಗೋದಾಮಿನಲ್ಲಿ ಯಾರೋ ಕೆಮ್ಮಿದ ಸದ್ದು ಕೇಳುತ್ತದೆ ಎಂದು ಕಾವಲುಗಾರ ಹೇಳಿದಾಗ, ಹಾಗಾದರೆ ಅವನಿಗೊಂದು ಕೆಮ್ಮಿನ ಔಷಧಿ ಇಟ್ಟು ಬಾ ಎಂದು ಎಲ್ಲರನ್ನೂ ನಗಿಸಿದವನು ನಾನು. ಆದ್ದರಿಂದ ಈಗ ನೀವು ನಕ್ಕರೆ ನನ್ನ ತಕರಾರೇನೂ ಇಲ್ಲ. ನಗದೆ ಬಯ್ದರೆ ಅದೂ ಸರಿಯೇ.

ವಲೇರಿಯನ್ ಬಹ್ರೇನಿನಲ್ಲಿ ನನಗೆ ಸಿಕ್ಕ ಗೆಳೆಯ. ಮಂಗಳೂರು ಕಡೆಯ ಕ್ಯಾಥೊಲಿಕ್. ಸಲ್ಮಾಬಾದಿನ ಏಸಿ ರಿಪೇರಿ ವರ್ಕ್‌ಶಾಪೊಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ. ಅವನ ಹೆಂಡತಿ ಐರಿನ್ ನರ್ಸ್; ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ ನನಗೆ ಅವರು ಐರಿನ್ ಬಾಯಿ. ನಾನು ಕುಂದಾಪುರದವನು, ಅವರ ಕೊಂಕಣಿ ನನಗೆ ಬಾರದು. ನಮ್ಮ ಮಾತೆಲ್ಲ ಕನ್ನಡದಲ್ಲೇ. ಇಬ್ಬರ ಮನೆಯೂ ಹೂರಾ ಬಡಾವಣೆಯ ಒಂದೇ ಗಲ್ಲಿಯಲ್ಲಿ. ಇಲ್ಲಿ ನಮಗೆ ಶುಕ್ರವಾರವೇ ಭಾನುವಾರ. ಬೆಳಿಗ್ಗೆ ಇಗರ್ಜಿಯ ಪೂಜೆಯಲ್ಲಿ ಹಾಡುವವರಿಗೆ ಗಿಟಾರು ನುಡಿಸಿ ಬಂದು, ಮಧ್ಯಾಹ್ನ ಊಟವಾದ ಮೇಲೆ ಅವನು ರೆಕಾರ್ಡು ಹಾಕುತ್ತಿದ್ದ. ನಾನು ಹೋಗಿ ಕೂರುತ್ತಿದ್ದೆ.

ಯಾವಾಗಲೂ ಅದೇ ಒಂದು ರೆಕಾರ್ಡು. ಬುದಯ್ಯ ಎಂಬ ಊರಿನಲ್ಲಿದ್ದ ಇಂಗ್ಲಿಷಿನವನೊಬ್ಬ ಮನೆ ಖಾಲಿ ಮಾಡಿ ದೇಶಕ್ಕೆ ಹೊರಟಾಗ ಪ್ಲೇಯರಿನ ಜೊತೆಗೆ ಬಿಟ್ಟು ಹೋದದ್ದು. ಈ ದ್ವೀಪದಲ್ಲಿ ಹೋಗುವವರು ಬಿಟ್ಟು ಹೋದದ್ದರಿಂದಲೇ ಇರುವವರ ಮನೆ ತುಂಬುವುದು. ಬ್ಲೂಸ್ ಎಂದರೆ ಅಮೆರಿಕದ ಕಪ್ಪು ಜನರ ಕಷ್ಟದ ಹಾಡು. ಅರವತ್ತರ ದಶಕದ ಲಂಡನ್ನಿನ ಕೆಲವು ಹುಡುಗರು ಅದನ್ನು ಕೇಳಿ ಕೇಳಿಯೇ ಕಲಿತು ನುಡಿಸಿದ ರೆಕಾರ್ಡು ಅದು. ಮೊದಲ ಸಲ ಕೇಳಿದಾಗ, ಬೆಕ್ಕಿನ ಬಾಲ ಮೆಟ್ಟಿದ ಹಾಗಿದೆ ಎಂದು ನಾನು ಹೇಳಿದ್ದೆ. ಅವನು ಬೇಸರಪಡಲಿಲ್ಲ.

“ಇಷ್ಟು ವರ್ಷ ಆದ್ರೂ ಇದು ಹಳತು ಆಗ್ಲಿಲ್ಲ, ಯಾಕೆ ಗೊತ್ತುಂಟಾ?” ಎಂದಿದ್ದ. “ಆ ಗಿಟಾರಿನ ಹುಡುಗನಿಗೆ ರೆಕಾರ್ಡಿಂಗಿನವರು ಸೌಂಡ್ ಕಮ್ಮಿ ಮಾಡು ಅಂತ ಹೇಳಿದ್ರೂ ಮಾಡ್ಲಿಲ್ಲ ಅಂತೆ. ಚಂದ ಕಾಣ್ಬೇಕು ಅಂತ ಇಲ್ಲ ಅವನಿಗೆ. ಬೇರೆಯವರ ದುಃಖ ಮಾರಾಯ, ಆದ್ರೂ ಅವ ಸುಳ್ಳು ಹೇಳ್ಲಿಲ್ಲ.”

ಕೇಳುತ್ತ ಕೇಳುತ್ತ ನನಗೂ ಅದರ ಹುಚ್ಚು ಹಿಡಿಯಿತು. ತಂತಿ ಒಡಕು ದನಿಯಲ್ಲಿ ಏರಿ, ಇನ್ನೇನು ಹರಿದೇ ಹೋಯಿತು ಎನ್ನುವಾಗ ನಿಲ್ಲುತ್ತಿತ್ತು. ಎರಡನೆಯ ಬದಿಯ ನಿಧಾನದ ಹಾಡು ಬಂದಾಗ ವಲೇರಿಯನ್ ತನ್ನ ಗಿಟಾರು ಎತ್ತಿಕೊಂಡು ಜೊತೆಗೆ ನುಡಿಸುತ್ತಿದ್ದ. ಚೆನ್ನಾಗಿಯೇ ನುಡಿಸುತ್ತಿದ್ದ. ಆದರೆ ಒಂದು ಜಾಗದಲ್ಲಿ ದನಿ ಮೇಲಕ್ಕೆ ಹೋಗುವಾಗ ಪ್ರತಿ ಸಲವೂ ಒಂದು ಗಳಿಗೆ ಹಿಂದೆ ಬೀಳುತ್ತಿದ್ದ, ನಾಲಿಗೆಯಲ್ಲಿ ‘ಚ್’ ಎನ್ನುತ್ತಿದ್ದ. ಅಡುಗೆ ಮನೆಯಿಂದ ಐರಿನ್ ಬಾಯಿ ನಗುವುದು ಕೇಳುತ್ತಿತ್ತು.

ಅವನು ಹೃದಯಾಘಾತದಿಂದ ವರ್ಕ್‌ಶಾಪಿನಲ್ಲೇ ತೀರಿಹೋದ. ಬಾಯಿ ಕಾಂಟ್ರಾಕ್ಟ್ ಮುಗಿಯುವ ತನಕ ಒಬ್ಬರೇ ಇದ್ದು, ಆಮೇಲೆ ಊರಿಗೆ ಹೊರಟರು. ಖಾಯಂ ಆಗಿ ಹೊರಟವರ ಮನೆಗೆ ಪರಿಚಯದವರೆಲ್ಲ ಹೋಗುವುದು, ಏನಾದರೊಂದು ಎತ್ತಿಕೊಂಡು ಬರುವುದು ನಮ್ಮಲ್ಲಿ ನಡೆದು ಬಂದದ್ದು. ಬೇಡ ಎಂದರೆ ಅವರಿಗೆ ನೋವಾಗುತ್ತದೆ. ಗಿಟಾರನ್ನು ಅವರು ಆಗಲೇ ಇಗರ್ಜಿಗೆ ಕೊಟ್ಟಿದ್ದರು. ನನ್ನ ಕಣ್ಣು ಎಲ್ಲಿತ್ತೆಂದು ಅವರಿಗೆ ಗೊತ್ತಿತ್ತು.

“ಪ್ಲೇಯರು, ರೆಕಾರ್ಡು ಎರಡೂ ನಿಮಗೇ ಶೆಟ್ರೇ. ಹಾಕಿ ನೋಡಿ ತಗೊಳ್ಳಿ, ಮತ್ತೆ ಹಾಳಾದದ್ದು ಕೊಟ್ಟೆ ಅಂತ ಹೇಳ್ಬೇಡಿ,” ಎಂದು ಹೇಳಿ, ಫ್ರಿಜ್ ಸಾಗಿಸುವವರ ಹಿಂದೆ ಲಿಫ್ಟಿನ ಕಡೆಗೆ ಹೋದರು. ಬಾಗಿಲು ತೆರೆದೇ ಇತ್ತು. ನಡು ಮಧ್ಯಾಹ್ನ, ಖಾಲಿ ಕೋಣೆಯ ತುಂಬ ಬಿಸಿಲು. ನಾನು ಎರಡನೆಯ ಬದಿ ಹಾಕಿ ನೆಲದ ಮೇಲೆ ಕುಳಿತೆ.

ನಿಧಾನದ ಹಾಡಿನಲ್ಲಿ ಇನ್ನೊಂದು ಗಿಟಾರು ಸೇರಿಕೊಂಡಿತು.

ಮೊದಲು ನನಗೆ ಏನೂ ಅನ್ನಿಸಲಿಲ್ಲ, ಕೇಳಿ ರೂಢಿಯಾದದ್ದೇ ತಾನೆ. ಆಮೇಲೆ ಪ್ಲೇಯರಿನ ಕಡೆ ಕಿವಿ ಕೊಟ್ಟೆ. ಸದ್ದು ಪ್ಲೇಯರಿನಿಂದ ಬರುತ್ತಿರಲಿಲ್ಲ, ನನ್ನ ಎಡಗಡೆಯಿಂದ, ಅವನ ಕುರ್ಚಿ ಇರುತ್ತಿದ್ದ ಕಡೆಯಿಂದ ಬರುತ್ತಿತ್ತು. ಬಾಯಿಯನ್ನು ಕೂಗಬೇಕೆಂದು ಬಾಯಿ ತೆರೆದೆ. ಹೊರಗೆ ಅವರು ಫ್ರಿಜ್ ಓರೆ ಮಾಡಿ ಎಂದು ಹಿಂದಿಯಲ್ಲಿ ಹೇಳುತ್ತಿರುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಕೂಗಲಿಲ್ಲ. ಆ ಜಾಗ ಬಂತು. ಎಡಗಡೆಯ ಗಿಟಾರು ಒಂದು ಗಳಿಗೆ ಹಿಂದೆ ಬಿತ್ತು. ‘ಚ್’ ಎಂದಿತು.

ಮುಳ್ಳು ಎತ್ತಿ ಮತ್ತೆ ಅದೇ ಜಾಗಕ್ಕೆ ಇಟ್ಟೆ. ಇಂಗ್ಲಿಷ್ ಹುಡುಗ ಒಬ್ಬನೇ ನುಡಿಸುತ್ತಿದ್ದ. ಅಷ್ಟರಲ್ಲಿ ಬಾಯಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಒಳಗೆ ಬಂದು, “ಸರಿ ಉಂಟಾ?” ಎಂದು ಕೇಳಿದರು.

“ಸರಿ ಇತ್ತ್ ಬಾಯಿ,” ಎಂದೆ.

ಯಾಕೆ ಹೇಳಲಿಲ್ಲ? ಹುಚ್ಚ ಎಂದುಕೊಂಡಾರು ಎಂಬ ಹೆದರಿಕೆ ಇತ್ತು, ನಿಜ. ಆದರೆ ಅದರ ಕೆಳಗೆ ಇನ್ನೊಂದಿತ್ತು, ಹೇಳಿದರೆ ಅವರು ಆ ರೆಕಾರ್ಡನ್ನು ನನಗೆ ಕೊಡುವುದಿಲ್ಲ ಎಂಬುದು. ಆ ಹೊತ್ತಿನಲ್ಲೂ ನನ್ನ ಬುದ್ಧಿ ಅಷ್ಟು ಲೆಕ್ಕ ಹಾಕಿತು. ಮನೆಗೆ ತಂದು ಎಷ್ಟೋ ಶುಕ್ರವಾರ ಅದನ್ನು ಹಾಕಿದೆ. ಎಡಗಡೆ ಕುರ್ಚಿಯೊಂದನ್ನೂ ಇಟ್ಟು ನೋಡಿದೆ. ಅವನು ಮತ್ತೆ ಬರಲಿಲ್ಲ.

ಕಳೆದ ಕ್ರಿಸ್ಮಸ್ಸಿಗೆ ಶುಭಾಶಯ ಹೇಳಲು ಬಾಯಿಗೆ ಫೋನು ಮಾಡಿದ್ದೆ. ಅದು ಇದು ಮಾತಾದ ಮೇಲೆ ಅವರು ರೆಕಾರ್ಡಿನ ವಿಷಯ ಎತ್ತಿದರು.

“ಶೆಟ್ರೇ, ನಗ್ಬೇಡಿ. ಅವರು ಹೋದ ಮೇಲೆ ನಾನು ಪ್ರತಿ ಶುಕ್ರವಾರ ಆ ರೆಕಾರ್ಡು ಹಾಕಿ ಕೂತ್ಕೊಳ್ತಿದ್ದೆ. ಒಂದ್ಸಲ ಆದ್ರೂ ಅವರ ‘ಚ್’ ಕೇಳ್ತದಾ ಅಂತ. ಕೇಳ್ಲಿಲ್ಲ. ಅದಕ್ಕೇ ನಿಮಗೆ ಕೊಟ್ಟದ್ದು. ನಿಮಗೆ ಎಂತಾದ್ರೂ ಕೇಳಿದ್ದುಂಟಾ?”

“ಇಲ್ಲ ಬಾಯಿ. ಎಂತದೂ ಇಲ್ಲ,” ಎಂದೆ.

ಅವರು ಉಸಿರು ಬಿಟ್ಟದ್ದು ಕೇಳಿಸಿತು. “ಈಗ ಸಮಾಧಾನ ಆಯ್ತು. ತೀರಿಹೋದ ದಿವಸ ಅವರು ನನಗೆ ಫೋನು ಮಾಡಿದ್ರು. ನಾನು ಡ್ಯೂಟಿಯಲ್ಲಿ ಎತ್ಲಿಲ್ಲ. ಆ ಸಿಟ್ಟಿಗೆ ನನ್ನ ಹತ್ರ ಮಾತ್ರ ಬರುದಿಲ್ವೋ ಅಂತ ಗ್ರಹಿಸಿದ್ದೆ.”

ಇನ್ನು ಈ ಸತ್ಯವನ್ನು ಯಾವ ಬಾಯಲ್ಲಿ ಹೇಳಲಿ? ಹೇಳಿದರೆ ಅವರ ಸಮಾಧಾನ ಹೋಗುತ್ತದೆ, ಹೇಳದಿದ್ದರೆ ನನ್ನದು. ಅಂದು ಕೇಳಿದ್ದು ಏನೆಂದು ನನಗೆ ಇಂದಿಗೂ ತಿಳಿದಿಲ್ಲ, ತಿಳಿದವರು ಹೇಳಿದರೆ ನಂಬುತ್ತೇನೆಂದೂ ಅಲ್ಲ. ರೆಕಾರ್ಡು ಹಾಕಿದಾಗಲೆಲ್ಲ ನನಗೆ ನೆನಪಾಗುವುದು ಆ ತೆರೆದ ಬಾಗಿಲು. ಅವನು ಬಂದದ್ದು ಅವರ ಮನೆಗೆ, ಅವರು ಇದ್ದದ್ದು ಲಿಫ್ಟಿನ ಹತ್ತಿರ. ನಾನು ಒಂದು ಸಲ ಕೂಗಿದ್ದರೆ ಬರುತ್ತಿದ್ದರು.