ನ್ಯಾನ್, ಆಮಾ

ಕವನವೆಂದರೆ ನನಗೆ ಆಕಳಿಕೆ. ಆದರೂ ಮಲೇಷ್ಯಾದ ನಿಲಾಯ್‌ನಲ್ಲಿ ನನ್ನೊಡನೆ ಗಣಿತ ಕಲಿಸುವ ಗೆಳೆಯ ಬಿಡದೆ ಕರೆದನೆಂದು ಬಾಂಗ್ಸಾರ್‌ನ ಕೆಫೆಗೆ ಹೋದೆ. ಅವನ ತಂದೆ ಬ್ರಿಟಿಷರು, ತಾಯಿ ಇಲ್ಲಿಯ ಚೀನೀಯರು. ಆ ಎರಡು ಮನೆತನಗಳ ಬಗ್ಗೆ ತಾನೇ ಬರೆದ ಇಂಗ್ಲಿಷ್ ಪದ್ಯವನ್ನು ಓದತೊಡಗಿದ. ಎಂಟನೇ ಸಾಲಿಗೆ ನನಗೆ ತೂಕಡಿಕೆ ಶುರುವಾಗಿತ್ತು. ಅಷ್ಟರಲ್ಲಿ ಅವನು ಕಣ್ಣು ಮುಚ್ಚಿ, "ನ್ಯಾನ್, ಆಮಾ! ನ್ಯಾನ್, ಆಮಾ!" ಎಂದು ಕೂಗಿದ. ನನಗೆ ಕೇಳಿಸಿದ್ದು "ನನ್ನಮ್ಮಾ!" ಈ ಪುಣ್ಯಾತ್ಮ ಕನ್ನಡ ಯಾವಾಗ ಕಲಿತ? ತೀರಿಹೋದ ನನ್ನ ತಾಯಿ ನೆನಪಾಗಿ ಗಳಗಳನೆ ಅತ್ತುಬಿಟ್ಟೆ.

ಓದು ಮುಗಿದ ಮೇಲೆ ಅವನ ಕೈ ಹಿಡಿದು ಕೇಳಿದೆ: "ನಿಮ್ಮಮ್ಮ ಹೋಗಿ ಎಷ್ಟು ದಿನ ಆಯ್ತು?"

"ಎಲ್ಲಿಗ್ ಹೋದ್ರು? ಅಲ್ಲೇ ಕೌಂಟರ್‌ನಲ್ಲಿ ಪಫ್ ತಪಾವ್ ಮಾಡಿಸ್ತಿದ್ದಾರಲ್ಲ, ಮನೆಗೆ ಒಯ್ಯೋಕೆ ಕಟ್ಟಿಸ್ಕೊಂಡು! ನ್ಯಾನ್ ಅಂದ್ರೆ ಇಂಗ್ಲೆಂಡಿನ ಅಜ್ಜಿ, ಆಮಾ ಅಂದ್ರೆ ಚೀನೀ ಅಜ್ಜಿ. ನಾನು ಕರೆದಿದ್ದು ಇಬ್ಬರು ಅಜ್ಜಿಯರನ್ನ!"

ಅಷ್ಟರಲ್ಲಿ ಅವನ ತಾಯಿ ಪಾರ್ಸೆಲ್ ಹಿಡಿದು ಬಂದರು. ಮಗ ನಗುತ್ತಾ ಎಲ್ಲ ಹೇಳಿದ. ಅವರು ನಗಲಿಲ್ಲ. ಒಂದು ಪೊಟ್ಟಣ ತೆಗೆದು ನನ್ನ ಕೈಗಿಟ್ಟು, ಇಲ್ಲಿಯವರ ಧಾಟಿಯಲ್ಲಿ ಅಂದರು:

"ಸತ್ತವಳು ಕಟ್ಟಿಸಿದ್ದು ಲಾ. ಬಿಸಿ ಇರೋವಾಗ್ಲೇ ತಿನ್ನು."