ಬೀಗರ ಪಂಕ್ತಿಯಲ್ಲಿ ಸವರಿಮುತ್ತು

ಬೆಳಕು ಹರಿಯುವ ಹೊತ್ತು. ತಮಿಳುನಾಡಿನ ಕಂಬಂ ಪಕ್ಕದ ಹಳ್ಳಿಯ ಮದುವೆಮನೆಯಲ್ಲಿ ವಾದ್ಯದವರು ಆಗಲೇ ನಾಗಸ್ವರ ಒರೆಸುತ್ತಿದ್ದಾರೆ. ಒಳಗೆ ಮಾತ್ರ ಎಲ್ಲರ ಮುಖ ಬಾಡಿದೆ. ತಾಳಿ, ಸೀರೆ, ಒಡವೆ ಇಟ್ಟ ಮರದ ಪೆಟ್ಟಿಗೆಯ ಬೀಗದ ಕೈ ಕಳೆದಿದೆ. ಶುಭದಿನದಲ್ಲಿ ಪೆಟ್ಟಿಗೆ ಒಡೆಯಲು ಮದುಮಗನ ಅಜ್ಜಿ ರಂಗಮ್ಮಾಳ್ ಸುತರಾಂ ಒಪ್ಪುವುದಿಲ್ಲ.

ಪೆಟ್ಟಿಗೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತವರು ದಿಂಡಿಗಲ್ಲಿನ ಸವರಿಮುತ್ತು. ಹೊಸ ಕೀಲಿಕೈ ಮಾಡಲು ದೀಪದ ಮಸಿ ಹಿಡಿಸಿದ ತಗಡನ್ನು ಬೀಗದೊಳಗೆ ತೂರಿಸುತ್ತಾರೆ, ಮಸಿ ಅಳಿಸಿದ ಜಾಗ ನೋಡಿ ಅರದಿಂದ ಉಜ್ಜುತ್ತಾರೆ, ಮತ್ತೆ ತೂರಿಸುತ್ತಾರೆ. ಹುಟ್ಟು ಕ್ರೈಸ್ತರು, ಬೀಗ ಮಾಡುವ ಮನೆತನ. ಊರಲ್ಲಿ ಕೆಲಸ ಸಾಲದೆ ಸೈಕಲ್ ಏರಿ ಈ ಕಂಬಂ ಕಣಿವೆ ಸುತ್ತುತ್ತಾರೆ.

ಇಲ್ಲಿಯ ಒಕ್ಕಲು ಮನೆಗಳಲ್ಲಿ ಮಾತು ಕನ್ನಡ. ವ್ಯಾಪಾರಕ್ಕೆಂದು ಎರಡು ಪದ ಕಲಿತ ಸವರಿಮುತ್ತು ಮೊದಲ ದಿನ ಬೀದಿಯಲ್ಲಿ “ಬೀಗ ಬಂದವ್ನೆ, ಬೀಗ!” ಎಂದು ಕೂಗಿದರಂತೆ. ಯಾರ ಮನೆಗೆ ಬೀಗರು ಬಂದರೋ ಎಂದು ಹೆಂಗಸರು ಕಾಲಿಗೆ ನೀರು ಹಿಡಿದು ಓಡಿಬಂದರು! ಅವತ್ತಿನಿಂದ ಊರು ಅವರನ್ನು ಬೀಗರೇ ಎಂದು ರೇಗಿಸುತ್ತದೆ.

ಮದುವೆಗೆ ಬಂದ ನಾನು ಹೊರಗೆ ಕಾಫಿ ಮುಗಿಸಿ ಬರುವಷ್ಟರಲ್ಲಿ ಬೀಗ ಬಿಟ್ಟಿದೆ. ಕೋಣೆಯಲ್ಲಿ ಬೇರೆ ಯಾರೂ ಇಲ್ಲ. ಸವರಿಮುತ್ತು ಮುಚ್ಚಳ ಎತ್ತದೆ, ಪೆಟ್ಟಿಗೆಗೆ ಬೆನ್ನು ಹಾಕಿ, ಗೋಡೆ ನೋಡುತ್ತ ಕೂತಿದ್ದಾರೆ.

“ಪೂಟ್ಟು ತೆಗೆಯೋದು ನನ್ನ ವೇಲೆ ಸಾರ್, ನನ್ನ ಕೆಲಸ ಅಷ್ಟೇ. ಒಳಗಿರೋದು ಅವರ ಮನೆ ಸಮಾಚಾರ. ನಂಗ್ಯಾಕೆ?”

ಮನೆಯವರು ಬಂದು ಮುಚ್ಚಳ ಎತ್ತುತ್ತಾರೆ. ತಾಳಿ ಇದೆ, ಸೀರೆ ಇದೆ. ಮದುಮಗಳಿಗೆ ಸೋದರಮಾವ ಕೊಟ್ಟ ಚಿನ್ನದ ಸರ ಇಲ್ಲ.

ಆ ಸೋದರಮಾವ ಬೋಡಿ ಊರಿನ ಪೆರಿಯಸಾಮಿ. “ಒಳಗೆ ಒಬ್ಬನೇ ಇದ್ದವನು ಇವನಲ್ವಾ? ಸೂಡ ಹಚ್ಚಿ ಸತ್ಯ ಮಾಡ್ಲಿ!” ಎಂದು ಗುಡುಗುತ್ತಾರೆ. ಯಾರೋ ಕರ್ಪೂರದ ತಟ್ಟೆಯನ್ನೂ ತರುತ್ತಾರೆ.

ಸವರಿಮುತ್ತು ಕೈಮುಗಿಯುತ್ತಾರೆ. “ನಾ ತೆಗೀಲಿಲ್ಲ ಅಯ್ಯಾ. ಆಣೆ ಮಾತ್ರ ಇಡಾಕಿಲ್ಲ. ಏಸುಸಾಮಿ ಬೇಡ ಅಂದವ್ರೆ. ಇಲ್ಲ ಅಂದ್ರೆ ಇಲ್ಲ, ಅಷ್ಟೇ.”

ಬೀಗ ತೆಗೆಯುವವನ ಮೇಲೆ ಒಮ್ಮೆ ಅನುಮಾನ ಬಿದ್ದರೆ ಮುಗಿಯಿತು, ಕಣಿವೆಯಲ್ಲಿ ಯಾರೂ ಹೊಸ್ತಿಲು ತುಳಿಸುವುದಿಲ್ಲ. ಕರ್ಪೂರ ಮುಟ್ಟಿದರೆ ಗಂಡಾಂತರ ಕಳೆಯುತ್ತದೆ. ಈ ಮನುಷ್ಯ ಅಲ್ಲಾಡುವುದಿಲ್ಲ.

“ತಟ್ಟೆ ಒಳಗಿಡ್ರೀ,” ಎನ್ನುತ್ತಾರೆ ರಂಗಮ್ಮಾಳ್. “ಸವರಿ ಇಲ್ಲ ಅಂದ್ಮೇಲೆ ಇಲ್ಲ. ಮನೆಯೆಲ್ಲ ತೇಡ್ರಿ.”

ಹುಡುಕಿದರೆ ಸರ ಇರುವುದು ದೇವರ ಕೋಣೆಯಲ್ಲಿ, ಕಲಶದ ಕೊರಳಲ್ಲಿ! ಹೊಸ ಒಡವೆ ಮೊದಲು ಮನೆದೇವತೆ ತೊಡಬೇಕು ಎಂದು ನಿನ್ನೆ ಸಂಜೆ ಪೆಟ್ಟಿಗೆಗೆ ಬೀಗ ಹಾಕುವ ಮೊದಲೇ ರಂಗಮ್ಮಾಳ್ ತಾವೇ ಹಾಕಿ, ಮೇಲೆ ಹೂ ಮುಚ್ಚಿ, ಮರೆತಿದ್ದಾರೆ. “ನನ್ನ ಮರೆವಿಗೆ ಬೆಂಕಿ ಬೀಳ!” ಎಂದು ಅಜ್ಜಿ ಹಣೆ ಚಚ್ಚಿಕೊಳ್ಳುತ್ತಾರೆ. ಮನೆಯೆಲ್ಲ ನಗು. ಪೆರಿಯಸಾಮಿ ಒಬ್ಬರೇ ನೆಲ ನೋಡುತ್ತ ನಿಂತಿದ್ದಾರೆ.

ಸವರಿಮುತ್ತು ಪೆರಿಯಸಾಮಿಯ ಹತ್ತಿರವೇ ಹೋಗುತ್ತಾರೆ. “ಅಯ್ಯಾ, ಹಸಿವು ತಾಳಾಕಾಗಲ್ಲ. ನಂಗೆ ಎಲೆ ಎಲ್ಲಿ?”

ಮುಹೂರ್ತ ಮುಗಿದ ಮೇಲೆ ಪೆರಿಯಸಾಮಿ ಸವರಿಮುತ್ತುವನ್ನು ಕೈಹಿಡಿದು ಕರೆದೊಯ್ದು ಬೀಗರ ಪಂಕ್ತಿಯಲ್ಲಿ, ತಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಾರೆ. ನನ್ನ ಕಣ್ಣು ತುಂಬಿತು ಎನ್ನಲು ನಾಚಿಕೆಯೇನಿಲ್ಲ. ಬಡಿಸುತ್ತಿದ್ದ ರಂಗಮ್ಮಾಳ್ ನನ್ನ ಕಿವಿಯಲ್ಲಿ ಹೇಳುತ್ತಾರೆ: “ಇವರ ಸಾಮಿ ಯಾರೋ ನಾ ಕಂಡಿಲ್ಲ. ಇವನ್ನ ನೋಡಿದ್ರೆ ಒಳ್ಳೆ ಸಾಮಿಯೇ ಇರಬೇಕು.”

ಪಾಯಸದ ಹೊತ್ತಿಗೆ ಪೆರಿಯಸಾಮಿ ಗಂಟಲು ಸರಿಮಾಡಿಕೊಳ್ಳುತ್ತಾರೆ. “ಬೋಡಿ ಮನೇಲಿ ನಮ್ಮ ಅಪ್ಪನ ಕಾಲದ ಪೆಟ್ಟಿ ಒಂದದೆ, ಪೂಟ್ಟು ತುಕ್ಕು ಹಿಡಿದ್ಬಿಟ್ಟದೆ. ನಾ ತೋಟಕ್ಕೆ ಹೋಗಿರ್ತೀನಿ. ನೀನೇ ಹೋಗಿ ತೆಗೆದಿಡು ತಂಬಿ.”

ಸವರಿಮುತ್ತು ಎಲೆಯಿಂದ ತಲೆ ಎತ್ತುತ್ತಾರೆ.

“ನೀವೂ ಇರ್ರಿ ಅಯ್ಯಾ. ಗೋಡೆ ನೋಡ್ತಾ ಒಬ್ಬನೇ ಕೂತು ಕೂತು ಬೇಜಾರು. ಮಾತಾಡಾಕೆ ಒಬ್ರು ಬೇಕು.”